ಒಂದು ಎಳೆಯ ತಪ್ಪು

ಹೊಸ ವಿದ್ಯೆಯನ್ನು ಕಲಿಯುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲವೆಂದು ಹಿರಿಯರು ಹೇಳುವರು. ಈ ಮಾತನ್ನು ನಾನೂ ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದುಂಟು. ಆದರೆ ಉಪದೇಶವು ಬಾಯಲ್ಲಿ ಇರುವಾಗ ಇದ್ದಷ್ಟು ಹಗುರವಾಗಿ ಕೈಗೆ ಬಂದಾಗ ಇರುವುದಿಲ್ಲ. ಅರುವತ್ತೊಂದನೆಯ ವಯಸ್ಸಿನಲ್ಲಿ, ಮೂಗಿನ ಮೇಲೆ ಕನ್ನಡಕವನ್ನೇರಿಸಿ, ಪಡಸಾಲೆಯ ಕಿಟಕಿಯ ಬಳಿ ಸೂಜಿದಾರ ಹಿಡಿದು ಕುಳಿತ ಮೇಲೆಯೇ ನನಗೆ ಅದರ ಭಾರವು ತಿಳಿಯಿತು. ನಾನು ಕಲಿಯಲು ಹೊರಟದ್ದು ಕಸೂತಿಯನ್ನು. ಗಂಡಸಾದವನಿಗೆ ಇದೆಂತಹ ಹವ್ಯಾಸವೆಂದು ವಾಚಕರು ನಗಬಹುದು. ನಮ್ಮ ಓಣಿಯವರು ಆಗಲೇ ನಕ್ಕು ಮುಗಿಸಿರುವುದರಿಂದ ಇನ್ನು ಕೆಲವರು ನಕ್ಕರೆ ನನಗೇನೂ ಬೇಸರವಿಲ್ಲ.

ನಮ್ಮ ಊರು ಧಾರವಾಡ. ಈ ಭಾಗದ ಮನೆಗಳಿಗೆ ಕಸೂತಿಯು ಹೊಸದಲ್ಲ. ಇಳಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಮೇಲೆ, ಕೂಸುಗಳ ಕುಲಾವಿ ಕುಂಚಿಗೆಗಳ ಮೇಲೆ ಹೆಂಗಸರು ಗೋಪುರ, ತೇರು, ಅಂಬಾರಿ ಹೊತ್ತ ಆನೆ, ನವಿಲು, ತುಳಸೀ ವೃಂದಾವನಗಳನ್ನು ತಲೆಮಾರುಗಳಿಂದ ತೆಗೆಯುತ್ತ ಬಂದಿರುವರು. ಮದುವಣಗಿತ್ತಿಗೆ ಕೊಡುವ ಚಂದ್ರಕಾಳಿಯೆಂಬ ಕಪ್ಪು ಸೀರೆಗೆ ಕಸೂತಿಯೇ ಭೂಷಣ. ಈ ಕಲೆಯ ವಿಶೇಷವೇನೆಂದರೆ, ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ರೂಢಿಯಿಲ್ಲ. ಹಾಸುಹೊಕ್ಕುಗಳ ಎಳೆಗಳನ್ನು ಎಣಿಸಿ, ಆ ಎಣಿಕೆಯ ಆಧಾರದಿಂದಲೇ ಚಿತ್ರವನ್ನು ಕಟ್ಟಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ಹೊಲಿಗೆಗಳು ನಾಲ್ಕು ಬಗೆ. ಇವುಗಳಲ್ಲಿ ಗಾವಂತಿ ಮುರಗಿಗಳನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಎರಡು ಮಗ್ಗುಲುಗಳೂ ಒಂದೇ ಸಮನಾಗಿ ಕಾಣುವುವು.

ನಮ್ಮ ಮನೆಯಲ್ಲಿ ಈ ವಿದ್ಯೆಯು ನನ್ನ ಅಕ್ಕನದು. ಅವಳಿಗೆ ಈಗ ಎಪ್ಪತ್ತುಮೂರು ವರ್ಷ. ನಾನು ಆರು ವರ್ಷದವನಿರುವಾಗಲೇ ನಮ್ಮ ತಾಯಿಯು ತೀರಿಕೊಂಡುದರಿಂದ ನನ್ನನ್ನು ಎತ್ತಿ ಆಡಿಸಿ ಶಾಲೆಗೆ ಕಳುಹಿಸಿದವಳು ಅವಳೇ. ವಿಧವೆಯಾಗಿ ತವರಿಗೆ ಮರಳಿದಂದಿನಿಂದ ನಮ್ಮೊಡನೆಯೇ ಇದ್ದಾಳೆ. ನಮ್ಮ ವಂಶದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಅಕ್ಕ ತನ್ನ ಕೈಯಿಂದ ಕುಂಚಿಗೆಯನ್ನು ಹೊಲಿದಿರುವಳು. ಕುಂಚಿಗೆಯೆಂದರೆ ಮಗುವಿನ ತಲೆಯನ್ನು ಮುಚ್ಚಿ ಬೆನ್ನಿನ ಮೇಲೆ ಇಳಿಯುವ ಹೊದಿಕೆ. ಅದನ್ನು ಹೊದಿಸಿಕೊಂಡೇ ನಮ್ಮ ಮಕ್ಕಳು ತೊಟ್ಟಿಲನ್ನು ಏರುವುದು ವಾಡಿಕೆ.

ಮೂರು ವರ್ಷಗಳ ಹಿಂದೆ ಅಕ್ಕನ ದೃಷ್ಟಿಯು ಮಂದವಾಗತೊಡಗಿತು. ವೈದ್ಯರು ಪರೀಕ್ಷಿಸಿ, ಇದು ಗ್ಲಾಕೋಮಾ, ಕಣ್ಣಿನ ನರವು ಕ್ಷೀಣಿಸಿದೆ, ಇದ್ದಷ್ಟನ್ನು ಔಷಧದಿಂದ ಕಾಪಾಡಿಕೊಳ್ಳಬಹುದಲ್ಲದೆ ಹೋದದ್ದು ಮರಳಿ ಬರುವುದಿಲ್ಲ ಎಂದರು. ಅಷ್ಟರಲ್ಲಿ ಅವಳ ಮೊಮ್ಮಗಳು ಬಸುರಿಯಾದ ಸುದ್ದಿ ಬಂದಿತು. ಅಕ್ಕ ಕೆಂಪು ರೇಷ್ಮೆಯ ತುಂಡೊಂದನ್ನು ತರಿಸಿ ಎಂದಿನಂತೆ ಕುಳಿತಳು. ಒಂದು ಸಂಜೆ ನಾನು ನೋಡುತ್ತಿದ್ದೆನು. ಅವಳ ಸೂಜಿಯು ಬಟ್ಟೆಯನ್ನು ಚುಚ್ಚುವುದು, ತಪ್ಪುವುದು, ಮತ್ತೆ ಚುಚ್ಚುವುದು. ಬೆರಳಿನಲ್ಲಿ ರಕ್ತದ ಹನಿ. ನನಗೆ ಅದನ್ನು ನೋಡಲಾಗಲಿಲ್ಲ.

"ಸಾಕು ಬಿಡು ಅಕ್ಕಾ. ಪ್ಯಾಟಿಯೊಳಗ ಮಶೀನಿನ ಕುಂಚಿಗಿ ಸಿಗತಾವ. ಅವು ಇನ್ನೂ ಚಂದ ಇರತಾವ" ಎಂದುಬಿಟ್ಟೆನು.

ಕನಿಕರದಿಂದ ಆಡಿದ ಮಾತೇ ಅದು. ಆದರೆ ಕನಿಕರವು ಕೆಲವು ಸಲ ಕ್ರೌರ್ಯಕ್ಕಿಂತಲೂ ಆಳವಾಗಿ ನಾಟುವುದು. ಅಕ್ಕ ಬಟ್ಟೆಯನ್ನು ಮಡಿಚಿಟ್ಟಳು. ಎರಡು ದಿವಸ ಅವಳು ಅಗತ್ಯಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಮೂರನೆಯ ದಿವಸ ನೋಡುತ್ತೇನೆ, ಐವತ್ತು ವರ್ಷ ದೇವರ ಮನೆಯ ಗೂಡಿನಲ್ಲಿದ್ದ ಅವಳ ಸೂಜಿಯ ಡಬ್ಬಿಯು ಅಲ್ಲಿರಲಿಲ್ಲ. ಅದನ್ನು ಅಟ್ಟಕ್ಕೆ ಹಾಕಿಸಿದ್ದಳು. ಈ ಮನೆಯಲ್ಲಿ ಅವಳಿಗಿದ್ದ ಸ್ಥಾನವನ್ನೇ ನಾನು ಪೇಟೆಯ ಬೆಲೆ ಕಟ್ಟಿ ಕಿತ್ತುಹಾಕಿದೆನೆಂಬುದು ಆಗ ಹೊಳೆಯಿತು.

ನಾನೇ ಅಟ್ಟವನ್ನೇರಿ ಡಬ್ಬಿಯನ್ನು ಇಳಿಸಿ ತಂದು ಅವಳ ಮುಂದಿಟ್ಟು, "ಅಕ್ಕಾ, ನನಗ ಕಲಸು" ಎಂದೆನು. ಅಕ್ಕ ಮೊದಲು ನಕ್ಕಳು. "ನಿನ್ನ ಕೈಲೆ ಆಗೂದಿಲ್ಲೋ ತಮ್ಮಾ" ಎಂದಳು. ನನಗೆ ಒಳಗೊಳಗೇ ಗರ್ವವಿತ್ತು. ಮೂವತ್ತನಾಲ್ಕು ವರ್ಷ ಲೆಕ್ಕದ ಕಚೇರಿಯಲ್ಲಿ ದುಡಿದವನು ನಾನು. ಎಣಿಸುವುದೇ ಈ ಕಲೆಯ ತಿರುಳಾದರೆ, ನನಗಿಂತ ಚೆನ್ನಾಗಿ ಎಣಿಸುವವರು ಈ ಓಣಿಯಲ್ಲಿ ಯಾರಿರುವರು ಎಂದುಕೊಂಡೆನು.

ಕಲಿಯುವವರಿಗೆಂದು ಎಳೆಗಳು ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವಂತಹ ಮ್ಯಾಟಿ ಬಟ್ಟೆ ದೊರೆಯುವುದು. ಅದರ ಮೇಲೆ ಗಾವಂತಿಯಿಂದ ನನ್ನ ಪಾಠವು ಆರಂಭವಾಯಿತು. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಸೂಜಿಯನ್ನು ಓಡಿಸಬೇಕು. ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತ, ಬಿಟ್ಟುಹೋದ ಸಂದುಗಳನ್ನು ತುಂಬುತ್ತ ಬರಬೇಕು. ಹೋಗುವಾಗ ಅದು ಬರಿಯ ಬಿಡಿಗೆರೆಗಳ ಸಾಲು; ಬಂದ ಮೇಲೆ ಅಖಂಡವಾದ ರೇಖೆ. ಯುರೋಪಿನಲ್ಲಿಯೂ ಇದೇ ಹೊಲಿಗೆಯುಂಟು. ಹದಿನಾರನೆಯ ಶತಮಾನದ ಚಿತ್ರಕಾರನಾದ ಹಾನ್ಸ್ ಹೋಲ್ಬೈನನು ಬರೆದ ಭಾವಚಿತ್ರಗಳ ಉಡುಪುಗಳಲ್ಲಿ ಇದು ಕಾಣಿಸುವುದರಿಂದ ಅಲ್ಲಿಯವರು ಇದನ್ನು ಹೋಲ್ಬೈನ್ ಹೊಲಿಗೆಯೆಂದೇ ಕರೆಯುವರು. 1536ರ ಸುಮಾರಿಗೆ ಅವನು ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರವನ್ನು ನನ್ನ ಮಗನು ಮೊಬೈಲಿನಲ್ಲಿ ತೋರಿಸಿದನು. ರಾಣಿಯ ತೋಳಿನ ಅಂಚಿನಲ್ಲಿ ಕಪ್ಪು ದಾರದ ಕಸೂತಿಯು ಸ್ಪಷ್ಟವಾಗಿ ಕಾಣುವುದು. ಅದನ್ನು ಹೊಲಿದವಳು ಎಷ್ಟು ಸಲ ಬಿಚ್ಚಿ ಹೊಲಿದಳೆಂಬುದನ್ನು ಮಾತ್ರ ಚಿತ್ರಕಾರನು ಬರೆದಿಲ್ಲ.

ನಾನು ಮೊದಲು ಹಿಡಿದದ್ದು ಒಂದು ಚಿಕ್ಕ ಗೋಪುರ. ಹೋಗುವ ಪಯಣವು ಸುಗಮವಾಗಿ ಸಾಗಿತು. ಮೆಟ್ಟಿಲು ಮೆಟ್ಟಿಲಾಗಿ ಏರಿ ಕಳಸವನ್ನು ಮುಟ್ಟಿ, ಇಳಿದು, ಇದೇನು ಮಹಾ ವಿದ್ಯೆಯೆಂದುಕೊಂಡೆನು. ತೊಂದರೆಯು ಹಿಂದಿರುಗುವಾಗ ಬಂದಿತು. ಏಳನೆಯ ಮೆಟ್ಟಿಲಿನಲ್ಲಿ ಸೂಜಿಯು ಇಳಿಯಬೇಕಾದ ರಂಧ್ರವೇ ಅಲ್ಲಿಲ್ಲ. ಅದು ಒಂದು ಎಳೆ ಆಚೆಗಿದೆ. ಎಲ್ಲಿಯೋ ನಾಲ್ಕರ ಬದಲು ಐದು ಎಣಿಸಿದ್ದೆನು. ಈ ಹೊಲಿಗೆಯ ಸ್ವಭಾವವೇ ಹಾಗೆ. ಹೋಗುವಾಗ ಮಾಡಿದ ತಪ್ಪನ್ನು ಅದು ಹೋಗುವಾಗ ಹೇಳುವುದಿಲ್ಲ, ಹಿಂದಿರುಗುವಾಗ ಹೇಳುವುದು.

ನಾನು ಮಾಡಿದ ಮೊದಲನೆಯ ಉಪಾಯವು ಮುಚ್ಚಿಡುವುದು. ಇಲ್ಲಿ ಮೂರು ಎಳೆ, ಅಲ್ಲಿ ಐದು ಎಳೆ ಎಂದು ಜಗ್ಗಿ ಹೊಂದಿಸಿ ಮುಗಿಸಿದೆನು. ಕಣ್ಣು ಕಾಣದ ಅಕ್ಕನಿಗೆ ಏನು ತಿಳಿಯುವುದೆಂಬ ನೀಚ ವಿಚಾರವೂ ಮನಸ್ಸಿನಲ್ಲಿ ಸುಳಿದಿರಬೇಕು. ಅಕ್ಕ ಬಟ್ಟೆಯನ್ನು ತೊಡೆಯ ಮೇಲೆ ಹಾಸಿಕೊಂಡು ತೋರುಬೆರಳಿನ ತುದಿಯನ್ನು ಮೆಲ್ಲನೆ ಆಡಿಸಿದಳು. "ತಮ್ಮಾ, ನಿನ್ನ ಗೋಪುರ ಗಾಳಿಗೆ ವಾಲೇದೇನೋ?" ಎಂದು ಕೇಳಿದಳು.

ಎರಡನೆಯ ಉಪಾಯವು ಸಿಟ್ಟಿನದು. ನಾಲ್ಕು ಸಂಜೆಗಳ ಕೆಲಸವನ್ನು ಕತ್ತರಿಯಿಂದ ಕಡಿದು ಎಲ್ಲವನ್ನೂ ಕಿತ್ತೆಸೆದು ಮೊದಲಿನಿಂದ ಆರಂಭಿಸಿದೆನು. ಹೀಗೆ ಮೂರು ಸಲ ಆಯಿತು. ಪ್ರತಿಯೊಂದು ಸಲವೂ ತಪ್ಪು ಬೇರೆ ಬೇರೆ ಸ್ಥಳದಲ್ಲಿ. ಕಿತ್ತು ಕಿತ್ತು ಬಟ್ಟೆಯ ಎಳೆಗಳು ಸಡಿಲಾಗಿ ಎಣಿಸುವುದು ಮತ್ತಷ್ಟು ಕಷ್ಟವಾಯಿತು. ನಾಲ್ಕನೆಯ ಸಲ ಬಟ್ಟೆಯನ್ನು ಮೂಲೆಗೆ ಎಸೆದು ಎದ್ದುಬಿಟ್ಟೆನು. ಆಮೇಲೆ ಎಂಟು ದಿವಸ ಅದರ ಕಡೆಗೆ ನೋಡಲಿಲ್ಲ. ಬೆಳಕು ಸಾಲದು, ಬೆನ್ನು ನೋಯುವುದು, ತರಕಾರಿ ತರಬೇಕು ಎಂದು ದಿನಕ್ಕೊಂದು ನೆಪ. ನನ್ನ ಮನೆಯವಳು ಇದನ್ನೆಲ್ಲ ನೋಡಿ, "ಕೂಸು ಶಾಲಿಗೆ ಹೋಗೂದ್ರೊಳಗ ಕುಂಚಿಗಿ ಆಗತದೋ ಇಲ್ಲೋ" ಎಂದು ನಗುತ್ತಿದ್ದಳು.

ಅಕ್ಕ ನನ್ನನ್ನು ಪುಸಲಾಯಿಸಲಿಲ್ಲ, ಬೈಯಲೂ ಇಲ್ಲ. ಒಂಬತ್ತನೆಯ ದಿವಸ ತಾನೇ ಆ ಬಟ್ಟೆಯನ್ನು ಹುಡುಕಿ ತೆಗೆದು, ಅದರ ಮೇಲೆ ಬೆರಳಾಡಿಸುತ್ತ, ಯಾರಿಗೋ ಹೇಳುವಂತೆ ಹೇಳಿದಳು: "ಎಲ್ಲಾ ಯಾಕ ಬಿಚ್ಚಬೇಕು? ಎಲ್ಲಿ ತಪ್ಪೇದೋ ಅಲ್ಲೀತನಕ ಬಿಚ್ಚಿದ್ರ ಸಾಕು. ಅದಕ್ಕಿಂತ ಕಡಿಮಿ ಬಿಚ್ಚೂದು ಕಳ್ಳತನ. ಅದಕ್ಕಿಂತ ಹೆಚ್ಚು ಬಿಚ್ಚೂದು ಬರೇ ಸಿಟ್ಟು."

ಈ ಮಾತನ್ನು ಕೇಳಿ ನನಗೆ ನಾಚಿಕೆಯಾಯಿತು. ಏಕೆಂದರೆ ಇದು ನನ್ನ ಉದ್ಯೋಗದ ಮೊದಲನೆಯ ಪಾಠವೇ ಆಗಿದ್ದಿತು. ತಿಂಗಳ ಕೊನೆಗೆ ಜಮಾ ಖರ್ಚುಗಳು ತಾಳೆಯಾಗದಿದ್ದರೆ ನಾವು ಪುಸ್ತಕವನ್ನು ಹರಿದು ಹಾಕುತ್ತಿರಲಿಲ್ಲ. ಸುಳ್ಳು ಕಲಮೊಂದನ್ನು ಸೇರಿಸಿ ಸರಿಮಾಡುತ್ತಲೂ ಇರಲಿಲ್ಲ. ವ್ಯತ್ಯಾಸವು ಒಂಬತ್ತರಿಂದ ಭಾಗವಾಗುವುದೋ ನೋಡುತ್ತಿದ್ದೆವು. ಭಾಗವಾದರೆ ಎಲ್ಲಿಯೋ 54ರ ಬದಲು 45 ಎಂಬಂತೆ ಅಂಕೆಗಳು ಅದಲುಬದಲಾಗಿರುವ ಸಂಭವವುಂಟು. ಅನಂತರ ಯಾವ ದಿವಸದವರೆಗೆ ಲೆಕ್ಕವು ಸರಿಯಾಗಿತ್ತೋ ಆ ಪುಟಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಹುಡುಕುತ್ತಿದ್ದೆವು. ಪರರ ದುಡ್ಡಿನಲ್ಲಿ ಇದ್ದ ಈ ತಾಳ್ಮೆಯು ನನ್ನ ಸ್ವಂತ ತಪ್ಪಿನ ಎದುರಿಗೆ ನನಗಿರಲಿಲ್ಲ. ಮುಚ್ಚಿಡುವುದೂ ಕಿತ್ತೆಸೆಯುವುದೂ ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರ ಬೇರೂ ಒಂದೇ. ತಪ್ಪು ಮಾಡಿದವನು ನಾನಲ್ಲವೆಂದು ತೋರಿಸಿಕೊಳ್ಳುವ ಆತುರವೇ ಅದು.

ಅಂದಿನಿಂದ ನನ್ನ ಕ್ರಮವು ಬದಲಾಯಿತು. ಕತ್ತರಿಯನ್ನು ಡಬ್ಬಿಯಲ್ಲಿ ಇಟ್ಟೆನು. ಸೂಜಿಯಿಂದ ದಾರವನ್ನು ಬಿಡಿಸಿ, ಸೂಜಿಯ ಹಿಂದಿನ ಮೊಂಡು ತುದಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಎತ್ತಿ, ಬಂದ ದಾರಿಯಲ್ಲಿಯೇ ದಾರವನ್ನು ಹಿಂದಕ್ಕೆ ಎಳೆಯುವುದನ್ನು ಕಲಿತೆನು. ಹೀಗೆ ಬಿಚ್ಚಿದರೆ ಬಟ್ಟೆಯೂ ಕೆಡುವುದಿಲ್ಲ, ತಪ್ಪು ಎಲ್ಲಿ ಹುಟ್ಟಿತೆಂಬುದೂ ಕಣ್ಣಿಗೆ ಬೀಳುವುದು. ನೋಡುತ್ತ ಹೋದಂತೆ ನನ್ನ ತಪ್ಪುಗಳು ಮೂಲೆ ತಿರುಗುವ ಕಡೆಯಲ್ಲಿಯೇ ಹೆಚ್ಚಾಗಿ ಆಗುತ್ತಿದ್ದುವೆಂದು ತಿಳಿಯಿತು. ತಿರುಗುವ ಎಳೆಯನ್ನು ನಾನು ಎರಡು ಸಲ ಎಣಿಸುತ್ತಿದ್ದೆನು. ಮೂರು ಸಲ ಎಲ್ಲವನ್ನೂ ಕಿತ್ತೆಸೆದಾಗ ಕಾಣದಿದ್ದ ಈ ಸಂಗತಿಯು ಹನ್ನೆರಡು ಹೊಲಿಗೆಗಳನ್ನು ಮೆಲ್ಲನೆ ಬಿಚ್ಚಿದಾಗ ಕಂಡಿತು. ಮುಂದೆ ಪ್ರತಿಯೊಂದು ತಿರುವಿನಲ್ಲಿಯೂ ನಿಂತು, ನಡುವಿನ ಗೆರೆಯಿಂದ ಮತ್ತೊಮ್ಮೆ ಎಣಿಸಿ ಮುಂದೆ ಹೋಗುವ ಅಭ್ಯಾಸ ಮಾಡಿಕೊಂಡೆನು.

ಎರಡು ತಿಂಗಳ ಮೇಲೆ ಅಕ್ಕ ಕೆಂಪು ರೇಷ್ಮೆಯನ್ನು ನನ್ನ ಕೈಗೆ ಕೊಟ್ಟಳು. ರೇಷ್ಮೆಯ ಎಳೆಗಳನ್ನು ಬರಿಗಣ್ಣಿನಿಂದ ಎಣಿಸಲಾಗದು. ಆದುದರಿಂದ ಅದರ ಮೇಲೆ ಜಾಳಾದ ಕ್ಯಾನ್ವಾಸಿನ ತುಂಡನ್ನು ಹಚ್ಚಿ, ಎರಡರ ಮೂಲಕವೂ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ದಾರದ ತುದಿಯನ್ನು ಅಡಗಿಸಲು ನಾನು ಪಡುವ ಪಾಡನ್ನು ತಾಳಲಾರದೆ, ಒಂದು ಚಿಕ್ಕ ಗಂಟು ಹಾಕಿದರೇನೆಂದು ಒಮ್ಮೆ ಕೇಳಿದೆನು. "ಗಂಟು ಕೂಸಿನ ನೆತ್ತಿಗೆ ಒತ್ತತದೋ" ಎಂದಳು ಅಕ್ಕ. ಕಲೆಯ ನಿಯಮವೆಂದು ನಾನು ತಿಳಿದುಕೊಂಡಿದ್ದುದು ಎಳೆಯ ನೆತ್ತಿಯ ಮೇಲಿನ ಅಕ್ಕರೆಯಾಗಿದ್ದಿತು.

ಕೂಸು ಹುಟ್ಟಿತು. ಹೆಣ್ಣು. ತೊಟ್ಟಿಲಿಗೆ ಹಾಕುವ ದಿವಸ ಬಂದಾಗ ಕುಂಚಿಗೆಯಲ್ಲಿ ಒಂದು ಅಂಚು, ಒಂದು ನವಿಲು ಮಾತ್ರ ಆಗಿದ್ದುವು. ಬಂಧುಗಳ ಎದುರಿಗೆ ಅರೆಕೆಲಸವನ್ನು ತೋರಿಸಲು ನಾಚಿ ಅದನ್ನು ಪೆಟ್ಟಿಗೆಯಲ್ಲಿ ಇಡಹೋದೆನು. ಅಕ್ಕ ಬಿಡಲಿಲ್ಲ. "ಹೊದಿಸು. ಕೂಸಾದರೂ ಇನ್ನೂ ಪೂರಾ ಬೆಳದೇದೇನು?" ಎಂದಳು. ಹೀಗೆ ಒಂದೇ ನವಿಲಿನ ಕುಂಚಿಗೆಯಲ್ಲಿ ಆ ಮಗುವಿನ ನಾಮಕರಣವಾಯಿತು.

ಉಳಿದುದು ಮುಗಿದದ್ದು ಆರನೆಯ ತಿಂಗಳಿನಲ್ಲಿ, ಅನ್ನಪ್ರಾಶನದ ಹಿಂದಿನ ದಿವಸ. ಅಂದು ಸಂಜೆ ಅಕ್ಕನ ಬೆರಳು ಅಂಚಿನಿಂದ ಹೊರಟು ಮೂರು ನವಿಲುಗಳನ್ನು ದಾಟಿ ನಾಲ್ಕನೆಯದರ ಜುಟ್ಟಿನಲ್ಲಿ ನಿಂತಿತು. "ಇಲ್ಲಿ" ಎಂದಳು. ಎಣಿಸಿ ನೋಡಿದೆನು. ಒಂದು ಎಳೆ ತಪ್ಪಿತ್ತು. ನನಗೆ ಸಿಟ್ಟು ಬರಲಿಲ್ಲ. ಹನ್ನೊಂದು ಹೊಲಿಗೆಗಳನ್ನು ಬಿಚ್ಚಿದೆನು, ಹನ್ನೆರಡನೆಯದನ್ನು ಮುಟ್ಟಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಮತ್ತೆ ಹೊಲಿದು ಅವಳ ಕೈಗೆ ಕೊಟ್ಟೆನು. ಅಕ್ಕ ಎರಡು ಮಗ್ಗುಲುಗಳನ್ನೂ ತಿರುವಿ ತಿರುವಿ ಮುಟ್ಟಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ತಮ್ಮಾ, ಇದರಾಗ ಹಿಂದಿನ ಮಗ್ಗಲು ಯಾವುದೋ?"

ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಇದರಿಂದ ಅಕ್ಕನ ದೃಷ್ಟಿಯೇನೂ ಮರಳಲಿಲ್ಲ. ನಾನು ಕಲಾವಿದನೂ ಆಗಲಿಲ್ಲ. ಇಂದಿಗೂ ವಾರಕ್ಕೆ ಎರಡು ಸಲವಾದರೂ ಬಿಚ್ಚುತ್ತೇನೆ. ಆದರೆ ಸೂಜಿಯ ಡಬ್ಬಿಯು ದೇವರ ಮನೆಯ ಗೂಡಿಗೆ ಮರಳಿದೆ. ಓಣಿಯ ಇಬ್ಬರು ಹುಡುಗಿಯರು ಸಂಜೆಯ ಹೊತ್ತು ಬಂದು ಕೂಡುವರು. ಅಕ್ಕ ಅವರ ಹೊಲಿಗೆಗಳ ಮೇಲೆ ಬೆರಳಾಡಿಸಿ ತಪ್ಪುಗಳನ್ನು ಹುಡುಕಿಕೊಡುವಳು. ಪೇಟೆಯಲ್ಲಿ ಸಿಗುವುದೆಂದು ಅಂದು ನಾನು ಆಡಿದ ಮಾತೂ ಒಂದು ತಪ್ಪು ಎಳೆಯೇ ಆಗಿದ್ದಿತು. ಅದನ್ನು ಬಿಚ್ಚುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ವಾಚಕರಲ್ಲಿ ಯಾರಾದರೂ ಈ ವಯಸ್ಸಿನಲ್ಲಿ ಹೊಸದೊಂದನ್ನು ಕಲಿಯಲು ಹೊರಟು, ಕೈಲಾಗದೆಂದು ಮೂಲೆಗೆ ಎಸೆದಿದ್ದರೆ, ಅವರು ಇಂದು ಸಂಜೆ ಅದನ್ನು ಮತ್ತೆ ತೆಗೆಯಲಿ. ತಪ್ಪಿದಲ್ಲಿಯವರೆಗೆ ಬಿಚ್ಚಲಿ. ಅಲ್ಲಿಯವರೆಗೆ ಸರಿಯಾಗಿ ಬಂದಿರುವುದೂ ಅವರದೇ ಕೈಕೆಲಸವಲ್ಲವೇ?