ಬಲೆಯ ತೂತು

ನಾವು ಕತೆ ಬರೆಯುವವರು, ಇಲ್ಲದ್ದನ್ನು ಇದ್ದಂತೆ ಹೇಳುವುದೇ ನಮ್ಮ ಕಸುಬು. ಅದಕ್ಕೇ ಇರಬೇಕು, ತನಗೆ ನಷ್ಟವಾಗುವ ನಿಜವನ್ನು ಹೇಳಿಬಿಡುವವರೆಂದರೆ ನಮಗೆ ವಿಪರೀತ ಕುತೂಹಲ. ಸೋವಿಯತ್ ಫುಟ್ಬಾಲ್ ನಾಯಕ ಇಗೋರ್ ನೆಟ್ಟೊ ಅಂಥವನು.

1962ರ ವಿಶ್ವಕಪ್, ಚಿಲಿಯ ಅರಿಕಾ ಪಟ್ಟಣ. ಉರುಗ್ವೆಯೊಂದಿಗೆ ಪಂದ್ಯ 1-1ರಲ್ಲಿ ನಿಂತಿತ್ತು. ಚಿಸ್ಲೆಂಕೊ ಒದ್ದ ಚೆಂಡು ಬಲೆಯೊಳಗಿತ್ತು, ರೆಫರಿ ಗೋಲು ಕೊಟ್ಟಾಗಿತ್ತು. ಉರುಗ್ವೆಯವರು ಗಲಾಟೆ ಎಬ್ಬಿಸಿದರು. ನೆಟ್ಟೊ ಚಿಸ್ಲೆಂಕೊನನ್ನೇ ಕೇಳಿದ. ಚೆಂಡು ಪಕ್ಕದ ಬಲೆಯ ತೂತಿನಿಂದ ನುಸುಳಿತ್ತು. ನಾಯಕ ನೇರ ರೆಫರಿಯ ಬಳಿ ಹೋಗಿ, ಇದು ಗೋಲಲ್ಲ ಎಂದು ತಿಳಿಸಿದ. ಕೊನೆಯ ಗಳಿಗೆಯಲ್ಲಿ ಇವಾನೊವ್ ಗೋಲು ಹೊಡೆದು 2-1ರಿಂದ ಗೆಲ್ಲಿಸಿದ, ನಿಜ. ಆದರೆ ಬಾಯಿ ಬಿಟ್ಟಾಗ ನೆಟ್ಟೊಗೆ ಅದೇನು ಗೊತ್ತಿತ್ತು?

ಎಂಥ ನಾಡಿನ ಆಟಗಾರನೆಂಬುದನ್ನೂ ನೋಡಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾಕ್ಕೆ ಸೋತದ್ದಕ್ಕೆ ಸೈನ್ಯದ ತಂಡವನ್ನೇ ವಿಸರ್ಜಿಸಿದ ಸರಕಾರ ಅದು. ಆ ಸೋಲಿನಲ್ಲಿ ನೆಟ್ಟೊ ಕೂಡ ಆಡಿದ್ದ. ಅದೇ ಹೊತ್ತಿಗೆ ಅಣ್ಣ ಲೆವ್, ಜರ್ಮನರ ಯುದ್ಧಕೈದಿಯಾಗಿ ಬದುಕಿ ಬಂದವನು, 25 ವರ್ಷದ ಶಿಕ್ಷೆ ಹೊತ್ತು ನೊರಿಲ್ಸ್ಕ್‌ನ ಹಿಮದ ಶಿಬಿರದಲ್ಲಿದ್ದ. ಮನೆಯಲ್ಲಿ ಒಬ್ಬ ದೇಶದ್ರೋಹಿ, ಮೈದಾನದಲ್ಲಿ ಒಬ್ಬ ದೇಶದ ಹೆಮ್ಮೆ! ಅಣ್ಣ ಬಿಡುಗಡೆಯಾದದ್ದು 1956ರಲ್ಲಿ. ಅದೇ ವರ್ಷ ಮೆಲ್ಬೋರ್ನ್‌ನಲ್ಲಿ ತಮ್ಮನ ತಂಡಕ್ಕೆ ಒಲಿಂಪಿಕ್ ಚಿನ್ನ. ಅಲ್ಲಿ ಹೈದರಾಬಾದಿನ ರಹೀಂ ಸಾಹೇಬರು ಪಳಗಿಸಿದ ಭಾರತ ನಾಲ್ಕನೆಯ ಸ್ಥಾನಕ್ಕೇರಿತು, ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. 1960ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಯುರೋಪಿಯನ್ ಕಪ್ ಎತ್ತಿದ್ದೂ ನೆಟ್ಟೊನೇ. ಸ್ಪಾರ್ಟಕ್ ಕ್ಲಬ್ಬಿಗೆ ಐದು ಲೀಗ್ ಪ್ರಶಸ್ತಿ.

ಆಮೇಲೆ ಆತ ಉಸ್ತಾದನಾದ. ಸೈಪ್ರಸ್, ಯಾರೊಸ್ಲಾವ್ಲ್, 1970ರ ಸುಮಾರಿಗೆ ಇರಾನಿನ ರಾಷ್ಟ್ರೀಯ ತಂಡ, ಗ್ರೀಸ್, ಬಾಕು, ಎಲ್ಲೂ ಬೇರು ಬಿಡಲಿಲ್ಲ. ಉದ್ದ ಕತ್ತಿನ ಈತನಿಗೆ ಅಡ್ಡಹೆಸರು 'ಹೆಬ್ಬಾತು'. ತಪ್ಪು ಪಾಸು ಕೊಟ್ಟವರ ಮೇಲೆ ಮೈದಾನದಲ್ಲೇ ಹರಿಹಾಯುತ್ತಿದ್ದ. ರೆಫರಿಗೆ ಹೇಳುವ ನಿಜಕ್ಕೆ ಚಪ್ಪಾಳೆ ಸಿಗುತ್ತದೆ. ಅದೇ ನಾಲಿಗೆಯಿಂದ ಹುಡುಗರಿಗೆ ಹೇಳಿದರೆ ಯಾರಿಗೆ ರುಚಿಸೀತು? ಇದು ನಮ್ಮ ಊಹೆ, ಅಷ್ಟೆ. ದೊಡ್ಡ ಆಟಗಾರರೆಲ್ಲ ದೊಡ್ಡ ಗುರುಗಳಾಗಬೇಕೆಂಬ ನಿಯಮವೂ ಇಲ್ಲವಲ್ಲ.

ಕೊನೆಗೆ ಮರೆವಿನ ರೋಗ ಹಿಡಿಯಿತು. ಹೆಂಡತಿ, ರಂಗನಟಿ ಓಲ್ಗಾ ಯಾಕೊವ್ಲೇವಾ, ದೂರವಾಗಿದ್ದಳು. ಕಪ್ಪು, ಪದಕಗಳೆಲ್ಲ ಮನಸ್ಸಿನಿಂದ ಒಂದೊಂದಾಗಿ ಜಾರುತ್ತಿದ್ದಾಗ ಆತನನ್ನು ತನ್ನ ಮನೆಗೆ ಕರೆದೊಯ್ದು ನೋಡಿಕೊಂಡವನು ಶಿಬಿರದಿಂದ ಬಂದ ಆ ಅಣ್ಣ. ನೆಟ್ಟೊ 1999ರಲ್ಲಿ ತೀರಿಕೊಂಡ. ಲೆವ್ ಅವನ ನಂತರವೂ ಹದಿನೈದು ವರ್ಷಕ್ಕೂ ಹೆಚ್ಚು ಬದುಕಿದ್ದ.