ಗಂಗೊಳ್ಳಿಯ ಮೂಗುತಿ

ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇಡಕಾ, ಕುಬ್ಜಾ ಎಂಬ ಐದು ನದಿಗಳು ಕೂಡಿ, ಪಂಚಗಂಗಾವಳಿಯೆನಿಸಿ ಸಮುದ್ರವನ್ನು ಸೇರುವೆಡೆಯಲ್ಲಿ ಗಂಗೊಳ್ಳಿಯಿದೆ. ಕುಂದಾಪುರದ ದಡದಲ್ಲಿ ನಿಂತರೆ ಊರು ಎದುರಿಗೇ ಕಾಣುತ್ತದೆ. ನೆಲದ ದಾರಿಯಾದರೋ ತಲ್ಲೂರು, ಹೆಮ್ಮಾಡಿಗಳ ಮೇಲೆ ಬಳಸಿಕೊಂಡು ಹೋಗತಕ್ಕುದು. ಬಂದರಿನಲ್ಲಿ ಮೀನಿನ ಬುಟ್ಟಿಗಳ ಬಳಿ ಕುಳಿತ ಹೆಂಗಸರ ಮೂಗುತಿಗಳು ಬಿಸಿಲಿಗೆ ಮಿನುಗುವುದನ್ನು ನೋಡುತ್ತ ನಾವು ಪರಿಚಿತರೊಬ್ಬರ ಮನೆಗೆ ಹೋದೆವು.

ಆ ಮನೆಯ ಹಿರಿಯಮ್ಮನವರಿಗೆ ಮರುದಿನ ಶಸ್ತ್ರಚಿಕಿತ್ಸೆ. ಮೈಮೇಲೆ ಲೋಹವಿರಕೂಡದೆಂದು ವೈದ್ಯರ ಆಜ್ಞೆ. ಮದುವೆಯಲ್ಲಿ ಇಟ್ಟ ಮೂಗುತಿಯೋ ಅಲುಗದು. "ಇದನ್ ಎಂತಕ್ಕೆ ತೆಗೂದ್?" ಎಂದು ಅವರು ಕಣ್ಣೀರಿಟ್ಟರು. ಪತಿಯಿರುವಾಗ ಮೂಗುತಿ ಕಳಚುವುದು ಅಮಂಗಲವೆಂಬ ಭಯ. ಮಗನು ಇಕ್ಕುಳ ತರಲು ಎದ್ದನು; ನಾವು ತಡೆದೆವು.

ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕಿವಿ ಚುಚ್ಚುವುದನ್ನು ಮಾತ್ರ ಹೇಳಿ ನಿಲ್ಲುವುದಿಲ್ಲ. ರಂಧ್ರದಲ್ಲಿಟ್ಟ ಬತ್ತಿಯನ್ನು ಮೂರು ಮೂರು ದಿನಗಳಿಗೆ ಬದಲಿಸಬೇಕೆಂದೂ ವಿಧಿಸುತ್ತದೆ. ಧರಿಸುವಂತೆ ತೆಗೆಯುವುದೂ ಶಾಸ್ತ್ರವೇ ಎಂದು ನಾವು ತಿಳಿಸಲು ಅವರ ಮನಸ್ಸು ಹಗುರಾಯಿತು.

ಸೊಸೆಯು ಸಾಬೂನಿನಿಂದ ಕೈ ತೊಳೆದಳು. ಒಂದು ಲೋಟ ಕುದಿಸಿ ಆರಿಸಿದ ಬೆಚ್ಚನೆಯ ನೀರಿಗೆ ಕಾಲು ಚಮಚ ಉಪ್ಪು ಬೆರೆಸಿ, ಶುಭ್ರವಾದ ಬಟ್ಟೆಯನ್ನು ಅದರಲ್ಲಿ ಅದ್ದಿ ಮೂಗಿಗೆ ಒತ್ತಿ ಹಿಡಿದಳು. ಕಟ್ಟಿದ ಕೊಳೆ ಮೆತ್ತಗಾಯಿತು. ತಿರುಪು ಜಾರಿ ಮೂಗಿನೊಳಗೆ ಸೇರದಂತೆ ಅತ್ತೆಯು ಮುಂದಕ್ಕೆ ಬಾಗಿ ಬಾಯಿಂದ ಉಸಿರಾಡುತ್ತಿದ್ದರು. ಹೊರಗಿನ ಹರಳನ್ನು ಅಲುಗದಂತೆ ಹಿಡಿದು, ಒಳಗಿನ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸಿದಾಗ ಅದು ಕಳಚಿತು. ಅಮ್ಮನವರು ಮೂಗುತಿಯನ್ನು ಯಜಮಾನರ ಅಂಗೈಯಲ್ಲಿಟ್ಟು ನಕ್ಕರು.

ಎಲ್ಲವನ್ನೂ ಮನೆಯಲ್ಲಿಯೇ ತೆಗೆಯಲಾಗದೆಂಬುದನ್ನು ಗೃಹಿಣಿಯರು ಮರೆಯಬಾರದು. ಹೊಸದಾಗಿ ಚುಚ್ಚಿಸಿದ್ದು ಮಾಯುವುದಕ್ಕೆ ಕಿವಿಯ ಹಾಲೆಗೆ ಸುಮಾರು 6 ವಾರ ಬೇಕು, ಮೂಗಿಗೆ ಹಲವು ತಿಂಗಳು. ಅಲ್ಲಿಯವರೆಗೆ ಮುಟ್ಟದಿರುವುದೇ ಲೇಸು. ಕೀವು ತುಂಬಿರುವಾಗ ಕಳಚಿದರೆ ರಂಧ್ರ ಮುಚ್ಚಿ ಕೀವು ಒಳಗೇ ಉಳಿಯಬಹುದು. ಚರ್ಮವು ಒಡವೆಯ ಮೇಲೆ ಬೆಳೆದಿದ್ದರೆ, ಜ್ವರ ಬಂದಿದ್ದರೆ, ನೆತ್ತರು ನಿಲ್ಲದಿದ್ದರೆ ವೈದ್ಯರೇ ಗತಿ. ಚರ್ಮವು ಸ್ವಸ್ಥವಾಗಿದ್ದು ತಿರುಪು ಮಾತ್ರ ಬಿಗಿದಿದ್ದರೆ ಅನುಭವಿಯಾದ ಅಕ್ಕಸಾಲಿಗನು ಸಾಕು. ಎಳೆದಾಡುವುದು, ಇಕ್ಕುಳ ಹಾಕುವುದು ಎಂದಿಗೂ ಸಲ್ಲದು. ತೆಗೆದುದನ್ನು ಬಹುಕಾಲ ಬಿಟ್ಟರೆ ಹಳೆಯ ರಂಧ್ರವೂ ಮುಚ್ಚಿಕೊಳ್ಳುವುದುಂಟು. ಆದುದರಿಂದ ಮರಳಿ ಧರಿಸುವ ದಿನವನ್ನು ವೈದ್ಯರಲ್ಲಿ ಕೇಳಿಕೊಳ್ಳತಕ್ಕುದು.

ಗಂಗೊಳ್ಳಿಯ ಜನರು ದೋಣಿಯ ಹಗ್ಗವನ್ನು ಕಟ್ಟುವಾಗಲೇ ಬಿಚ್ಚುವುದನ್ನೂ ನೆನೆದು ಗಂಟು ಹಾಕುತ್ತಾರೆ. ಒಡವೆಗೂ ಅದೇ ನೀತಿ. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ತಿರುಪು ಸಡಿಲವಾಗುವುದೋ ಎಂದು ನೋಡಿಕೊಂಡರೆ, ಆಸ್ಪತ್ರೆಯ ಬಾಗಿಲಲ್ಲಿ ಅಳಬೇಕಾಗದು.