ಕುದೇರಿಗೆ ಎಷ್ಟು ಪ್ರಶ್ನೆಚಿಹ್ನೆ?

ಬೆಳಿಗ್ಗೆ ಬೆಳಿಗ್ಗೆಯೇ, ಕುದೇರಿನ ಡೈರಿ ಕಡೆಗೆ ಹಾಲಿನ ಟ್ಯಾಂಕರ್‌ಗಳು ಹೋಗುವ ಹೊತ್ತಿನಲ್ಲಿ, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಒಂದು ನಕ್ಷತ್ರಚಿಹ್ನೆ (*) ಹಾಕಿ ಟ್ಯಾಬ್ ಒತ್ತಿದೆ. ಫೋಲ್ಡರಿನಲ್ಲಿದ್ದ ಊರೂರ ಫೋಟೋಗಳ ಹೆಸರೆಲ್ಲ ದಡದಡನೆ ಬಂದು ಸಾಲು ತುಂಬಿದವು. ನಾನು ಕೇಳಿದ್ದು ಸುಳಿವು. ಕೊಟ್ಟಿದ್ದು ಮತದಾರರ ಪಟ್ಟಿ.

ಟರ್ಮಿನಲ್‌ನಲ್ಲಿ ನಾವು ಬರೆದ ಆದೇಶ ಓದುವ ಜೆಡ್ ಶೆಲ್ಲಿನ ಸ್ವಭಾವವೇ ಅದು. ಬ್ಯಾಶ್ ಎಂಬ ಇನ್ನೊಂದು ಶೆಲ್ ಹಾಗಲ್ಲ. ನಕ್ಷತ್ರಕ್ಕೆ ಒಂದೇ ಫೈಲು ಹೊಂದಿದರೆ ತುಂಬುತ್ತದೆ, ಹಲವು ಹೊಂದಿದರೆ ಸಾಲನ್ನು ಮುಟ್ಟುವುದಿಲ್ಲ. ಜೆಡ್ ಶೆಲ್ಲಿಗೂ ಗ್ಲಾಬ್ ಕಂಪ್ಲೀಟ್ ಎಂಬ ಆಯ್ಕೆ ಹಾಕಿಕೊಟ್ಟರೆ ಒಂದೊಂದೇ ಹೆಸರು ತೋರಿಸುವಷ್ಟು ಸಂಕೋಚ ಬರುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಬಿಡುವಿದ್ದವರು ಜಗಳವಾಡಲಿ.

ನನ್ನ ತಕರಾರು ಪ್ರಶ್ನೆಚಿಹ್ನೆಯ ಮೇಲೆ. ಅದೊಂದಕ್ಕೆ ಒಂದು ಅಕ್ಷರ ಎನ್ನುತ್ತದೆ ಕೈಪಿಡಿ. ಕುದೇರು ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗುವೂ 3 ಅನ್ನುತ್ತೆ. ಆದರೆ ಮೂರು ಪ್ರಶ್ನೆಚಿಹ್ನೆ ಹಾಕಿದರೆ ಶೆಲ್ಲಿಗೆ ನಮ್ಮೂರೇ ಕಾಣುವುದಿಲ್ಲ. 6 ಹಾಕಬೇಕು, ಅದರ ಲೆಕ್ಕದಲ್ಲಿ ಕಕಾರ ಬೇರೆ, ಅದರ ಕೊಂಬು ಬೇರೆ. ಭಾಷೆಯ ಹೊಂದಿಕೆಯಾದ ಲೊಕೇಲನ್ನು ಹಳೆಯ ‘ಸಿ’ಯಲ್ಲೇ ಬಿಟ್ಟವರು 18 ಹಾಕಬೇಕು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು.

ಇನ್ನು ನಕ್ಷತ್ರದ ಮುಂದೆ ‘ಊರು’ ಎಂದು ಬರೆದು ನೋಡಿ. ಉಮ್ಮತ್ತೂರು ಇಲ್ಲ, ಬೇಗೂರು ಇಲ್ಲ, ಯಳಂದೂರು ಇಲ್ಲ! ಸಂಧಿಯಲ್ಲಿ ಊಕಾರ ಕೊಂಬಿನ ದೀರ್ಘವಾಗಿ ಹಿಂದಿನ ವ್ಯಂಜನಕ್ಕೆ ಅಂಟಿಕೊಂಡಿದೆ. ಶೆಲ್ಲಿಗೆ ಅದು ಬೇರೆಯೇ ಸಂಕೇತ. ಜೆಡ್ ಶೆಲ್ ಏನೂ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಬ್ಯಾಶ್ ಆ ನಕ್ಷತ್ರವನ್ನೇ ಫೈಲಿನ ಹೆಸರೆಂದು ಮುಂದಕ್ಕೆ ದಾಟಿಸುತ್ತದೆ. ‘ಹಳ್ಳಿ’ ಎಂದರೆ ಮಾತ್ರ ಸಂತೇಮರಹಳ್ಳಿ, ಹರದನಹಳ್ಳಿ ತಕ್ಷಣ ಹಾಜರು. ಹಳ್ಳಿಗಿರುವ ಅದೃಷ್ಟ ಊರಿಗಿಲ್ಲ.

ಛಂದಸ್ಸು ಓದಿದವರನ್ನು ಕೇಳಿದರೆ ಮತ್ತೊಂದು ಲೆಕ್ಕ ತೆಗೆಯುತ್ತಾರೆ. ಕು ಲಘು, ದೇ ಗುರು, ರು ಲಘು. ಜಗಣ, 4 ಮಾತ್ರೆ. ಈ ಲೆಕ್ಕ ನನಗೆ ಹಿಡಿಸಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಅಂಶಗಣ ನೆನಪಾಯಿತು.

ಅಚ್ಚಗನ್ನಡದ ಈ ಗಣಗಳು ಹೆಚ್ಚುಕಡಿಮೆ ನಕ್ಷತ್ರ ಹಾಕಿದ ಮಾದರಿಗಳೇ. ಮೊದಲ ಅಂಶದಲ್ಲಿ ಒಂದು ಗುರುವಾದರೂ ಬರಲಿ, ಎರಡು ಲಘುವಾದರೂ ಬರಲಿ. ಮುಂದಿನವುಗಳಲ್ಲಿ ಗುರುವೋ ಲಘುವೋ, ಬಂದದ್ದು ಬರಲಿ. ಬಿಡಿಸಿ ಹರಡಿದರೆ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8, ರುದ್ರಗಣಕ್ಕೆ 16. 10ನೇ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಇದರ ವಿವರವಿದೆ, ಈ ಶೆಲ್ಲುಗಳ ತವರಾದ ಯುನಿಕ್ಸ್ ಹುಟ್ಟಿದ್ದು ಮೊನ್ನೆ, 1969ರಲ್ಲಿ. ನಮ್ಮ ಪಕ್ಕದ ಯಳಂದೂರಿನ ಸಂಚಿಯ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿದವಳು, ‘ಹದಿಬದೆಯ ಧರ್ಮ’ ಬರೆದದ್ದು ಸಾಂಗತ್ಯದಲ್ಲಿ. ಅದೂ ಅಂಶಗಣದ್ದೇ ಮಟ್ಟು. ಯಾವ ಪದ ಎಲ್ಲಿ ಕೂರಬೇಕೆಂದು ಅವಳು ಟ್ಯಾಬ್ ಒತ್ತಿ ಕೇಳಬೇಕಾಗಿರಲಿಲ್ಲ.

ಮಂಟೇಸ್ವಾಮಿ ಕಥೆ ಹಾಡುವ ನಮ್ಮ ಕಡೆಯ ನೀಲಗಾರರಿಗಂತೂ ಇಷ್ಟೂ ಲೆಕ್ಕ ಬೇಡ. ಮಾತು ಮೊಟಕಾದರೆ ಎಳೆಯುತ್ತಾರೆ, ಉದ್ದವಾದರೆ ನುಂಗುತ್ತಾರೆ; ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುವಷ್ಟರಲ್ಲಿ ಸಾಲು ಸರಿಹೋಗಿರುತ್ತದೆ. ಗಣ ತಪ್ಪಿತೆಂದು ಮಧ್ಯರಾತ್ರಿ ಎದ್ದು ಹೋದವರನ್ನು ನಾನು ಕಂಡಿಲ್ಲ. ನಿದ್ದೆ ಬಂತೆಂದು ಹೋದವರುಂಟು.